ಮೀಟರಿನ ಈಚೆ

ಸೆರಗಿನ ಗಂಟಿನಲ್ಲೊಂದು ಅಯಸ್ಕಾಂತ,
ಎರಡು ರೂಪಾಯಿಯ ಒಂದು ನಾಣ್ಯ,
ಬಗಲಲ್ಲಿ ನಗರಸಭೆಯ ಹಳದಿ ಫಾರಂ.
ಶಿಡ್ಲಘಟ್ಟದ ಹಳೇ ಬೀದಿಗಳಲ್ಲಿ
ಬಾಗಿಲು ಬಡಿಯುವ ಕೆಲಸ ನನ್ನದು,
ಮನೆಗೆ ಇಪ್ಪತ್ತು ರೂಪಾಯಿ.

ಯಾರಮ್ಮ, ಸಾಲದವಳಾ, ಓಟಿನವಳಾ?
ಪೈಪಿನವಳು.
ಕೊಳಾಯಿ ಪಿಳ್ಳಪ್ಪನ ಮಗಳಾ?
ಹೂಂ, ಅವನದೇ.
ಆಮೇಲೆ ಚಿಲಕ ಪೂರ್ತಿ ಸರಿಯುತ್ತದೆ.

ಅಯಸ್ಕಾಂತ ಕಚ್ಚಿಕೊಂಡರೆ ಕಬ್ಬಿಣ, ಬಚಾವು.
ಕಚ್ಚದಿದ್ದರೆ ನಾಣ್ಯದ ಅಂಚಲ್ಲಿ ಕೆರೆಯುತ್ತೇನೆ.
ಬೂದಿಬಣ್ಣದ ಕೆಳಗೆ
ಹೊಸ ಚಮಚದ ಹಾಗೆ ಫಳಕ್ಕೆಂದರೆ
ಸೀಸ.

ನಮ್ಮ ತಾತ ಇದೇ ನೀರು ಕುಡಿದು ತೊಂಬತ್ತು ದಾಟಿದ, ಅನ್ನುತ್ತಾರೆ.
ತಾತ ಕುಡಿದದ್ದು ಬಾವಿ ನೀರು ಸ್ವಾಮಿ,
ಕೊಳಾಯಿ ಬಂದದ್ದು ನಿಮ್ಮಪ್ಪನ ಕಾಲಕ್ಕೆ.
ನಮ್ಮನೆ ನೀರು ಸಿಹಿ, ಅನ್ನುತ್ತಾರೆ.
ಸಿಹಿಯೇ. ಅದೇ ತಾಪತ್ರಯ.
ಬಣ್ಣ ಇಲ್ಲ, ನಾತ ಇಲ್ಲ,
ತನ್ನ ಮೇಲೆ ತಾನೇ ಚಾಡಿ ಹೇಳುವುದಿಲ್ಲ ಅದು.
ಕುದಿಸಿ ಕುಡೀತೀವಲ್ಲ!
ಕುದಿಸುವುದು ಗೊತ್ತಿರುವ ಊರಿದು:
ಬೀದಿಗೆ ಹತ್ತು ಒಲೆ, ಹಬೆ ಹತ್ತಿದ ಗೋಡೆ,
ಬೆಳಗಿಂದ ಬೈಗಿನವರೆಗೆ
ಗೂಡು ಬೆಂದು ಎಳೆ ಬಿಡುವ ನೀರು.
ಕುದಿಸಿದರೆ ಹುಳು ಸಾಯುತ್ತದೆ, ಅಕ್ಕ.
ಸೀಸ ಸಾಯುವುದಿಲ್ಲ.
ನೀರು ಆವಿಯಾಗಿ ಹೋಗುತ್ತದೆ,
ಬಾಡಿಗೆ ಕೊಡದವನ ಹಾಗೆ
ಅದು ತಳದಲ್ಲೇ ಕೂತಿರುತ್ತದೆ.

ಆಮೇಲೆ ದುಡ್ಡಿನ ಮಾತು.
ರಸ್ತೆಯಿಂದ ಮೀಟರಿನವರೆಗೆ ಸರ್ಕಾರದ್ದು,
ಮೀಟರಿನಿಂದ ನಿಮ್ಮ ಬಾಯಿಯವರೆಗೆ ನಿಮ್ಮದು.
ಸರ್ಕಾರದ ಅರ್ಧ ಮಾತ್ರ ಬದಲಾಯಿಸಿ ಅಂದವರಿಗೆ
ಅಂಗಳದಲ್ಲೇ ಕೂತು ಬಿಡಿಸಿ ಹೇಳುತ್ತೇನೆ,
ಕೊಯ್ದಾಗ ಅಲುಗಿದ ಹಳೇ ಅರ್ಧ
ಇನ್ನೂ ಹೆಚ್ಚು ಉದುರುತ್ತದೆ ಅಂತ.
ಕಂತಿಗೆ ಸಂಘವಿದೆ, ಹೆದರಬೇಡಿ.
ಅಲ್ಲಿಯವರೆಗೆ ಬೆಳಗ್ಗೆ ಮೊದಲ ಎರಡು ಬಕೆಟ್
ಬಚ್ಚಲಿಗೆ ಬಿಡಿ, ಮಗುವಿನ ಹಾಲಿಗೆ ಬೇಡ.

ಜೈಬುನ್ನೀಸಾ ಮಾತ್ರ ಏನೂ ಕೇಳಲಿಲ್ಲ.
ಗೂಡಿನ ವಾಸನೆ ಹತ್ತಿದ ಬೆರಳು ಒರೆಸಿಕೊಂಡು
ಮಾತು ಬ್ಯಾಡಮ್ಮ, ಅಗೆದು ತೋರಿಸು ಅಂದಳು.

ಮೊಣಕೈ ಆಳದಲ್ಲಿ ಸಿಕ್ಕಿತು ಸಂದು.
ಎರಡು ಪೈಪು ಕೂಡಿದ ಕಡೆ
ಉಬ್ಬಿ, ಎರಡೂ ತುದಿಗೆ ಸಣ್ಣಗಾಗಿ
ನುಣ್ಣಗೆ ಕೂತ ಬೆಸುಗೆ.
ಅರೆ, ಗೂಡು! ಅಂದಳು ಆಕೆ.
ನಿಜವೇ.
ಹುಳುವಿಲ್ಲದ, ಎಳೆ ಬಿಡದ ಗೂಡು.

ಯಾರ ಕೈಯೆಂದು ನನಗೆ ಗೊತ್ತಾಯಿತು.
ಕಾದ ಸೀಸವನ್ನು ಕೊಬ್ಬು ಸವರಿದ ದಪ್ಪ ಬಟ್ಟೆಯಲ್ಲಿ
ಒಂದೇ ಸುತ್ತಿಗೆ ಒರೆಸುವವನು
ಊರಲ್ಲಿ ಆಗ ಒಬ್ಬನೇ ಇದ್ದ.
ಅದರ ಅಂದಕ್ಕೆ ಗುತ್ತಿಗೆದಾರರು ಕೈ ಕುಲುಕುತ್ತಿದ್ದರಂತೆ.
ಐವತ್ತಕ್ಕೆ ಆ ಕೈ ಮಣಿಕಟ್ಟಿನಿಂದ ಜೋತುಬಿತ್ತು.
ಕಾಫಿ ಲೋಟ ಎತ್ತಲಾರ, ಗುಂಡಿ ಹಾಕಲಾರ.
ಗಾಳಿ ಹೊಡೆದಿದೆ ಅಂದರು ಎಲ್ಲರೂ.
ನಾವೂ ಹಾಗೇ ಅಂದುಕೊಂಡೆವು.

ಊರಿಗೆಲ್ಲ ಕೊಳಾಯಿ ಹಾಕಿದವನ ಮನೆಗೆ
ಕೊನೆಯವರೆಗೂ ಕೊಳಾಯಿ ಬರಲಿಲ್ಲ.
ಬೋರಿನ ಮುಂದೆ ಬಿಂದಿಗೆ ಸಾಲಲ್ಲಿ ನಿಂತು ಬೆಳೆದವಳು ನಾನು,
ಅಪ್ಪನನ್ನು ಬೈಯುತ್ತ.

ಗರಗಸ ಹಾಕಿದ ಹುಡುಗ ಶಾಬಾಜ್,
ಮೆತ್ತಗಿದೆ ಅಕ್ಕ, ಬೆಣ್ಣೆ ಇದ್ದಂಗೆ ಅಂದ.
ಗುಜರಿಯವನು ತಕ್ಕಡಿಯಲ್ಲಿ ಕುಣಿಸಿ ತೂಗಿದ.
ಬಂದ ದುಡ್ಡು ಜೈಬುನ್ನೀಸಾಳ ಮೊದಲ ಕಂತಿಗೆ ಸರಿಹೋಯಿತು,
ಹದಿನೈದು ರೂಪಾಯಿ ಮಿಕ್ಕಿತು.
ಚಹಾ ಕುಡಿದೆವು, ಪಕ್ಕದ ಮನೆ ನೀರಲ್ಲಿ.

ಫಾರಮ್ಮಿನ ಏಳನೆಯ ಸಾಲು:
ಹಳೆಯ ಪೈಪು ಅಳವಡಿಸಿದವರು.
ಇಷ್ಟು ದಿನ ಪ್ರತಿ ಮನೆಗೂ
ತಿಳಿದಿಲ್ಲ ಅಂತ ಬರೆದಿದ್ದೆ.
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ.
ಪಿಳ್ಳಪ್ಪ, ಅಂತ ಬರೆದೆ.
ತಂದೆಯ ಹೆಸರು ಕೇಳಿರಲಿಲ್ಲ, ಬರೆಯಲಿಲ್ಲ.

ಹೊಸ ನಲ್ಲಿ ಗಾಳಿ ಕೆಮ್ಮಿ, ಕೆಂಪಗೆ ಉಗಿದು,
ನಿಧಾನಕ್ಕೆ ತಿಳಿಯಾಯಿತು.
ಆಕೆ ಒಂದು ಬೊಗಸೆ ಹಿಡಿದು
ಬೆರಳ ಸಂದಿಯಿಂದ ಸೋರಲು ಬಿಟ್ಟಳು,
ಎಳೆ ನೋಡುವವರ ಹಾಗೆ, ಬೆಳಕಿಗೆ.

ಮುಂದಿನ ಮನೆಯಲ್ಲಿ ನಾಯಿ ಇದೆ ಅಂತೆ.
ನಾಣ್ಯ ಮರೆತು ಬಂದಿದ್ದೆ,
ಹಿಂದಿರುಗಿ ತಗೊಂಡು ಹೊರಟೆ.